ಕೊರೊನಾ ಟೈಮಲ್ಲಿ ಒಂದನೇ ಕ್ಲಾಸಿಗೆ ಸೇರಿದ ಮಗಳಿಗೆ ಈಗ್ಲೂ ಒತ್ತಕ್ಷರ ಬರುದಿಲ್ಲ, ಎಂತ ಮಾಡುದು?

ಪೆರ್ಲದಮ್ಮ

ನಮಸ್ಕಾರ ಎಲ್ರಿಗೂ. ನಮ್ದು ಕೇರಳದ ಕಾಸ್ರೋಡು ಜಿಲ್ಲೆಯ ಪೆರ್ಲ ಹತ್ರ. ಮಗಳು ಕನ್ನಡ ಮೀಡಿಯಂ, ಈಗ 6ನೇ ಕ್ಲಾಸು. 2020 ಜೂನಿಗೆ ಒಂದನೇ ಕ್ಲಾಸಿಗೆ ಹಾಕಿದ್ದು, ಹಾಕಿದ್ದು ಅಂದ್ರೆ ಹೆಸ್ರು ಬರ್ಸಿದ್ದು ಅಷ್ಟೇ, ಅವಳು ಶಾಲೆ ಮೆಟ್ಲು ಹತ್ತಿದ್ದು 2021 ನವೆಂಬರ್ 1ಕ್ಕೆ, ಅಷ್ಟೊತ್ತಿಗೆ ಎರಡನೇ ಕ್ಲಾಸು ಅರ್ಧ ಮುಗಿದಿತ್ತು.

ಬಾಯಿಲೆಕ್ಕ ಟಕ್ಕಂತ ಹೇಳ್ತಾಳೆ. ಅದೇ ಲೆಕ್ಕ ಪುಸ್ತಕದಲ್ಲಿ ಮೂರು ಸಾಲಿನ ಪ್ರಶ್ನೆಯಾಗಿ ಬಂದ್ರೆ ಓದ್ಲಿಕ್ಕೇ ಆಗದೆ ಉಗುರು ಕಚ್ಚಿಕೊಂಡು ಕೂತ್ಕೊಳ್ತಾಳೆ. "ಪುಸ್ತಕ" ಅಂತ ಹೇಳಿದ್ರೆ "ಪುಸಕ" ಅಂತ ಬರೀತಾಳೆ. ಮಲಯಾಳ ಮಾತ್ರ ನೀರು ಕುಡಿದ ಹಾಗೆ ಮಾತಾಡ್ತಾಳೆ, ಆಗ ಕೇರಳ ಸರ್ಕಾರ ಶಾಲೆ ಮಕ್ಕಳಿಗೆ ಟಿವಿಯಲ್ಲಿ ನಡೆಸ್ತಿದ್ದ ವಿಕ್ಟರ್ಸ್ ಚಾನೆಲ್‌ನ ಫಸ್ಟ್ ಬೆಲ್ ಕ್ಲಾಸು ನೋಡಿ ನೋಡಿ ಬಂದದ್ದು. ಫೋನು ಮನೆಗೆಲ್ಲ ಒಂದೇ, ಅದು ಇವ್ರ ಕಿಸೆಯಲ್ಲಿ, ಇವ್ರು ಅಡಿಕೆ ಕೊಯ್ಲಿಗೆ ಹೋದ್ರೆ ಮನೆ ಸೇರುವಾಗ ಕತ್ತಲೆ. ವಾಟ್ಸಾಪಿಗೆ ಹೋಂವರ್ಕ್ ಕಳಿಸ್ಬೇಕು ಅನ್ನುವಾಗ ಮಗು ತೂಕಡಿಸ್ತಾ ಇತ್ತು. ಇಲ್ಲಿ ಯಾರಿಗೂ ನನ್ನ ಗುರ್ತ ಇಲ್ಲ ಅಂತ ಹೇಳ್ತೇನೆ, ಎಷ್ಟೋ ವರ್ಕ್‌ಶೀಟು ನಾನೇ ಎಡಗೈಯಲ್ಲಿ ಬರ್ದು ಕಳ್ಸಿದ್ದುಂಟು, ಮಗುವಿನ ಅಕ್ಷರದ ಹಾಗೆ ಕಾಣ್ಲಿ ಅಂತ.

ಇನ್ನು ಎರಡು ವರ್ಷಕ್ಕೆ 8ನೇ ಕ್ಲಾಸು, ಅಲ್ಲಿ ಈಗ ಮಿನಿಮಮ್ 30 ಪರ್ಸೆಂಟ್ ಬೇಕು ಅಂತ ಮಾಡಿದ್ದಾರೆ. ಟ್ಯೂಷನ್ನಿಗೆ ಹಾಕುದಾ, ಇಂಗ್ಲಿಷ್ ಮೀಡಿಯಂಗೆ ಬದಲಿಸುದಾ, ನಮ್ಮ ಹಾಗೇ ಬೇರೆಯವ್ರಿಗೂ ಆಗಿದ್ಯಾ, ಗೊತ್ತಿದ್ದವ್ರು ಹೇಳಿ.

ನಿವೃತ್ತ ಮಾಸ್ಟ್ರು

ಎಡಗೈ ಅಕ್ಷರ ನಮ್ಗೆ ಗೊತ್ತಾಗ್ತಿತ್ತಮ್ಮ. ನಮ್ಮ ಕ್ಲಾಸಲ್ಲೇ ಅಂಥ ಅಮ್ಮಂದಿರು ಏಳೆಂಟು ಜನ ಇದ್ರು, ನಾವೂ ಒಂದು ಟಿಕ್ ಹಾಕಿ ಗುಡ್ ಅಂತ ಬರ್ದು ಕಳಿಸ್ತಿದ್ದೆವು, ಇನ್ನೆಂತ ಮಾಡುದು.

ನಾನು ಕುಂಬಳೆ ಉಪಜಿಲ್ಲೆಯ ಒಂದು ಯುಪಿ (ಅಪ್ಪರ್ ಪ್ರೈಮರಿ) ಶಾಲೆಯಲ್ಲಿದ್ದೆ. 2020 ಜೂನ್ 1ಕ್ಕೆ ವಿಕ್ಟರ್ಸ್‌ನಲ್ಲಿ ಶುರುವಾದದ್ದು ಮಲಯಾಳದ ಕ್ಲಾಸು. ಕನ್ನಡದ್ದು ಆಮೇಲೆ ಇಲ್ಲಿಯ ಟೀಚರುಗಳೇ ಸೇರಿ ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕಿದ್ದು, ಪಾಪ ಕಷ್ಟಪಟ್ಟು ಮಾಡಿದ್ದಾರೆ, ಆದ್ರೆ ಟಿವಿಗಾದ್ರೆ ಡಿಶ್ ಇದ್ರೆ ಸಾಕು, ಯೂಟ್ಯೂಬಿಗೆ ಫೋನೂ ಬೇಕು ರೇಂಜೂ ಬೇಕು. ಹಾಗಾಗಿ ಮಕ್ಕಳ ಕಣ್ಣೆದುರು ಇದ್ದದ್ದು ಮಲಯಾಳ. ನಿಮ್ಮ ಮಗಳು ದಡ್ಡಿ ಅಲ್ಲ, ಮುಂದೆ ಇಟ್ಟದ್ದನ್ನು ಕಲ್ತಿದ್ದಾಳೆ.

ಮೀಡಿಯಂ ಬದಲಿಸ್ಲೇಬೇಡಿ, 6ನೇ ಕ್ಲಾಸಲ್ಲಿ ಬದಲಿಸಿದ್ರೆ ಅದೂ ಇಲ್ಲ ಇದೂ ಇಲ್ಲ. ಒಂದು ವಾರ ಎಂತದ್ದೂ ಕಲಿಸದೆ ದಿನಾ ಕಾಲುಗಂಟೆ ಜೋರಾಗಿ ಓದ್ಸಿ, ನೀವು ಪೆನ್ಸಿಲ್ ಹಿಡ್ಕೊಂಡು ಎಲ್ಲಿ ನಿಲ್ತಾಳೆ ಅಂತ ಗುರ್ತು ಹಾಕಿ. ಅಕ್ಕ, ಹಕ್ಕಿ, ಇಡ್ಲಿ... ಇಡ್ಲಿ ಬೇಡ, ದೊಡ್ಡ, ಇಂಥ ಸಜಾತಿ ಒತ್ತು ಬಹುಶಃ ಬರ್ತದೆ. ಸಿಕ್ಕಿಬೀಳುದು ತ, ನ, ಮ, ಯ, ರ, ಲ ಈ ಆರರ ಒತ್ತಿನಲ್ಲಿ, ಯಾಕಂದ್ರೆ ಇವು ಮೂಲ ಅಕ್ಷರದ ಹಾಗೆ ಕಾಣುದೇ ಇಲ್ಲ. ಉಳಿದದ್ದು ತಲೆಕಟ್ಟು ತೆಗ್ದು ಕೆಳಗಿಟ್ರೆ ಆಯ್ತು. "ಪುಸಕ" ಅಂತ ಬರಿಯುದು ಅದಕ್ಕೇ, ತ ಒತ್ತು ಅವಳ ಕಣ್ಣಿಗೆ ಅಕ್ಷರ ಅಂತ್ಲೇ ಕಾಣುದಿಲ್ಲ. ಶಾಲೆಯಲ್ಲಾದ್ರೆ ಬೋರ್ಡಲ್ಲಿ ದೊಡ್ಡದಾಗಿ ಬರ್ದು, ಗಾಳಿಯಲ್ಲಿ ಬೆರಳು ತಿರುಗಿಸಿ, ಕೈ ಹಿಡ್ದು ತಿದ್ದಿಸ್ತೇವೆ. ಟಿವಿಗೆ ಮಗುವಿನ ಪೆನ್ಸಿಲ್ ಕಾಣುದಿಲ್ಲವಲ್ಲ. ಆರೇ ಆರು ಅಕ್ಷರ, ವಾರಕ್ಕೊಂದು ಹಿಡೀರಿ.

ತುಳುವೆ ಕಾಸ್ರೋಡು

ಎಲ್ಲ ಕೊರೊನಾದ ತಲೆಗೆ ಕಟ್ಬೇಡಿ ಮಾರಾಯ್ರೆ. ನಮ್ಮಲ್ಲಿ ಮನೆಯಲ್ಲಿ ತುಳು, ಆಚೆ ಮನೆಯಲ್ಲಿ ಬ್ಯಾರಿ, ಮೇಲಿನ ಮನೆಯವ್ರು ಹವ್ಯಕ, ಅಂಗಡಿ ಬಸ್ಸು ಆಫೀಸು ಎಲ್ಲ ಮಲಯಾಳ. ಶುದ್ಧ ಕನ್ನಡ ಕಿವಿಗೆ ಬೀಳುದು ಶಾಲೆಯಲ್ಲಿ, ಬಿಟ್ರೆ ಯಕ್ಷಗಾನದ ಆಟದಲ್ಲಿ, ಬಿಟ್ರೆ ದೇವಸ್ಥಾನದ ಮೈಕಲ್ಲಿ. ಆ ಎರಡು ವರ್ಷ ಶಾಲೆಯೂ ಇಲ್ಲ ಆಟವೂ ಇಲ್ಲ ಜಾತ್ರೆಯೂ ಇಲ್ಲ. ಮಂಗ್ಳೂರಿನ ಮಗುವಿಗೆ ಶಾಲೆ ತಪ್ಪಿತು ಅಷ್ಟೇ, ಕನ್ನಡ ಬೀದಿಯಲ್ಲಾದ್ರೂ ಸಿಕ್ತದೆ, ನಮ್ಮ ಮಕ್ಕಳಿಗೆ ಭಾಷೆಯೇ ತಪ್ಪಿಹೋಯ್ತು.

ಗುಡ್ಡೆ ಮೇಲಿನ ರೇಂಜು

@ತುಳುವೆ ಕೊರೊನಾದ ತಲೆಗೆ ಕಟ್ಬೇಡಿ ಅಂತ ಶುರು ಮಾಡಿ ಕೊನೆಗೆ ನೀವೇ ಕಟ್ಟಿಬಿಟ್ರಲ್ಲ 😀

ನಂದು ಉಲ್ಟಾ ಕಥೆ. ನಾನಾಗ ಮಂಗ್ಳೂರಲ್ಲಿ ಪಿಯುಸಿ, 2020 ಮಾರ್ಚಲ್ಲಿ ಕೇರಳ-ಕರ್ನಾಟಕ ಗಡಿಯ ತಲಪಾಡಿ ರೋಡು ಬಂದ್ ಆದ್ಮೇಲೆ ಕಾಲೇಜು ಅಂದ್ರೆ ಮನೆ ಹಿಂದಿನ ಗುಡ್ಡೆ. ಒಂದು ಗೇರು ಮರದ ಅಡಿಯಲ್ಲಿ ಮಾತ್ರ ಎರಡು ಕಡ್ಡಿ ರೇಂಜು, ಮಳೆಗಾಲದಲ್ಲಿ ಒಂದು ಕೈಯಲ್ಲಿ ಕೊಡೆ ಒಂದು ಕೈಯಲ್ಲಿ ಫೋನು, ನೋಟ್ಸ್ ಬರಿಯುದು ಯಾವ ಕೈಯಲ್ಲಿ? 2021ರಲ್ಲಿ ಸೆಕೆಂಡ್ ಪಿಯು ಪರೀಕ್ಷೆಯೇ ರದ್ದು, ಎಸ್ಸೆಸ್ಸೆಲ್ಸಿಯ 45, ಫಸ್ಟ್ ಪಿಯುವಿನ 45, ಇಂಟರ್ನಲ್ 10 ಪರ್ಸೆಂಟ್ ಅಂತ ಕೂಡಿಸಿ ಕೊಟ್ರು. ನನ್ನ ಜೀವಮಾನದಲ್ಲೇ ಅಷ್ಟು ಮಾರ್ಕ್ ಬಂದಿರ್ಲಿಲ್ಲ. ಡಿಗ್ರಿಗೆ ಹೋಗಿ ಲ್ಯಾಬಲ್ಲಿ ಬ್ಯೂರೆಟ್ ಹಿಡಿವಾಗ ಕೈ ನಡುಗಿತು, ಲೆಕ್ಚರರ್ ಕೇಳಿದ್ರು ಪಿಯುಸಿಯಲ್ಲಿ ಮಾಡಿಲ್ವಾ, ವಿಡಿಯೋದಲ್ಲಿ ನೋಡಿದ್ದೇನೆ ಸರ್ ಅಂದೆ.

ಅಕ್ಕ, ನಿಮ್ಮ ಮಗಳಿಗೆ ಕೊರತೆ ಎಲ್ಲಿ ಅಂತ 6ನೇ ಕ್ಲಾಸಲ್ಲೇ ಗೊತ್ತಾಯ್ತು. ನಮ್ದು ಮಾರ್ಕ್‌ಕಾರ್ಡ್ ಅಡಿಯಲ್ಲಿ ಅಡಗಿ ಕೂತಿತ್ತು.

ಪೆರ್ಲದಮ್ಮ

ಮಾಸ್ಟ್ರೇ, ನೀವು ಹೇಳಿದ ಹಾಗೆ ಒಂದು ವಾರ ಗುರ್ತು ಹಾಕಿದೆ. ಒಟ್ಟು 41 ಕಡೆ ನಿಂತಿದ್ದಾಳೆ, ಅದ್ರಲ್ಲಿ 30ಕ್ಕಿಂತ ಜಾಸ್ತಿ ನೀವು ಹೇಳಿದ ಆ ಆರರಲ್ಲೇ! ನಾನು ಪೂರ್ತಿ ಕನ್ನಡವೇ ಬರುದಿಲ್ಲ ಅಂತ ಹೆದರಿ ಕೂತಿದ್ದೆ.

ಪಾಠಪುಸ್ತಕ ತೆಗ್ದ್ರೆ ಮುಖ ಊದಿಸ್ತಾಳೆ, ಅದಕ್ಕೆ ತುಳುವೆ ಅವ್ರು ಆಟ ಅಂದದ್ದು ನೆನಪಾಗಿ ದೇವಸ್ಥಾನದಲ್ಲಿ ಕೊಟ್ಟ ಯಕ್ಷಗಾನದ ನೋಟೀಸು ತಂದುಕೊಟ್ಟೆ, ಅವಳಿಗೆ ಆಟದ ಹುಚ್ಚು. ಮೊದಲ ದಿನ "ಹಿಮೇಳ, ಮುಮೇಳ" ಅಂತ ಓದಿದ್ಳು. ಮ ಒತ್ತು ತೋರಿಸಿದೆ. ನಿನ್ನೆ ಅವಳೇ ಬಂದು, ಅಮ್ಮ ನೋಟೀಸಲ್ಲಿ "ಮದಳೆ" ಅಂತ ತಪ್ಪು ಪ್ರಿಂಟ್ ಆಗಿದೆ, ದ ಒತ್ತು ಬಿಟ್ಟಿದ್ದಾರೆ ಅಂದ್ಳು. ನಾನು ನೋಡಿರ್ಲೇ ಇಲ್ಲ.