ಮಾವನವರ ಮೆಡಿಕೇರ್ ನೋಟ್‌ಬುಕ್: ಪದಗಳನ್ನು ಯಾವ ಕ್ರಮದಲ್ಲಿ ಬರೆಯಲಿ?

ಪಡಸಾಲೆ (ಪ್ರಶ್ನೆ)

ನಮಸ್ಕಾರ. ಅಮೆರಿಕದಲ್ಲಿ ಅಪ್ಪ-ಅಮ್ಮನಿಗೆ ಮೆಡಿಕೇರ್ (ಮುಖ್ಯವಾಗಿ 65 ದಾಟಿದವರಿಗೆ ಸರ್ಕಾರದ ಆರೋಗ್ಯ ವಿಮೆ) ಮಾಡಿಸಿದವರು ಯಾರಾದರೂ ಇದ್ದರೆ ಸ್ವಲ್ಪ ದಾರಿ ತೋರಿಸಿ.

ನಮ್ಮ ಮಾವನವರಿಗೆ 76, ಅತ್ತೆಗೆ 71. ಗ್ರೀನ್ ಕಾರ್ಡ್ ಮೇಲೆ ಬಂದು ನಮ್ಮ ಜೊತೆ ನೆಲೆಸಿ ಈ ಜೂನ್‌ಗೆ ಐದು ವರ್ಷ ತುಂಬುತ್ತದೆ. ಹಾಗಾಗಿ ಇಬ್ಬರೂ ಮೆಡಿಕೇರ್‌ಗೆ ಸೇರಬಹುದು. ಮಾವ ಬ್ಯಾಂಕಿನಲ್ಲಿ 34 ವರ್ಷ ದುಡಿದವರು. ಓದಿ ಅರ್ಥವಾಗದ ಕಾಗದಕ್ಕೆ ಸಹಿ ಹಾಕುವ ಪೈಕಿ ಅಲ್ಲ. ಇಂಗ್ಲಿಷ್ ಚೆನ್ನಾಗಿಯೇ ಬರುತ್ತದೆ, ಆದರೆ ಈ ಇಂಗ್ಲಿಷೇ ಬೇರೆ. "ಒಂದೊಂದು ಪದಕ್ಕೂ ಕನ್ನಡದಲ್ಲಿ ಅರ್ಥ ಬರೆದುಕೊಡಮ್ಮ, ಆಮೇಲೆ ಸಹಿ ಹಾಕ್ತೀನಿ" ಅಂದರು.

ನಾನು 200 ಪುಟದ ನೋಟ್‌ಬುಕ್ ತಂದು, ಡಿಕ್ಷನರಿ ಥರ ಎ ಇಂದ ಝಡ್‌ವರೆಗೆ ಬರೆಯತೊಡಗಿದೆ. ಎರಡು ವಾರಕ್ಕೆ 60 ಪದ ಆಯಿತು. ನೋಡಲು ಅಚ್ಚುಕಟ್ಟು, ಉಪಯೋಗ ಸೊನ್ನೆ.

ಮೊದಲ ಸಂಜೆಯೇ ಮಾವ ಕೇಳಿದರು: "ಒರಿಜಿನಲ್ ಮೆಡಿಕೇರ್ ಅಂತ ಬರೆದಿದ್ದೀಯ. ಹಾಗಾದ್ರೆ ಇನ್ನೊಂದು ಜೆರಾಕ್ಸಾ?" ನಗು ಬಂತು, ಉತ್ತರ ಬರಲಿಲ್ಲ. ಸರ್ಕಾರವೇ ನೇರವಾಗಿ ನಡೆಸುವ ಪಾರ್ಟ್ ಎ (ಮುಖ್ಯವಾಗಿ ಆಸ್ಪತ್ರೆ ಖರ್ಚಿಗೆ) ಮತ್ತು ಪಾರ್ಟ್ ಬಿ (ಮುಖ್ಯವಾಗಿ ಡಾಕ್ಟರ ಖರ್ಚಿಗೆ) ಸೇರಿ ಒರಿಜಿನಲ್. ಅದರ ಬದಲು ಖಾಸಗಿ ಕಂಪನಿಯ ಮೂಲಕ ಪಡೆದರೆ ಅಡ್ವಾಂಟೇಜ್, ಅದಕ್ಕೇ ಪಾರ್ಟ್ ಸಿ ಅಂತಲೂ ಹೆಸರು. ನನ್ನ ಪುಸ್ತಕದಲ್ಲಿ ಅಡ್ವಾಂಟೇಜ್ ಮೊದಲ ಪುಟದಲ್ಲಿದೆ, ಒರಿಜಿನಲ್ ನಲವತ್ತನೇ ಪುಟದಲ್ಲಿ. ಎರಡನ್ನೂ ಪಕ್ಕಪಕ್ಕ ಇಡದಿದ್ದರೆ ಒಂದೂ ಅರ್ಥವಾಗಲ್ಲ, ಅಲ್ವಾ?

ಡಿಡಕ್ಟಿಬಲ್ ಇನ್ನೂ ಕಷ್ಟವಾಯಿತು. ಮಾವನ ತಲೆಯಲ್ಲಿ ಅದು ಟಿಡಿಎಸ್ ಇದ್ದ ಹಾಗೆ. ಈಗ ಹಿಡಿದುಕೊಳ್ಳುತ್ತಾರೆ, ಲೆಕ್ಕ ಕೊಟ್ಟರೆ ವಾಪಸ್ ಬರುತ್ತದೆ. ವಾಪಸ್ ಬರಲ್ಲ, ಇನ್ಶೂರೆನ್ಸ್ ಕೊಡಲು ಶುರು ಮಾಡುವ ಮೊದಲು ನಮ್ಮ ಜೇಬಿನಿಂದ ಹೋಗುವ ದುಡ್ಡು ಅದು ಅಂತ ಒಪ್ಪಿಸಲು ಅರ್ಧ ಗಂಟೆ ಹಿಡಿಯಿತು. ಒಪ್ಪಿದ ಮೇಲೆ "ಎಷ್ಟು?" ಅಂದರು. ಪಾರ್ಟ್ ಬಿಗೆ 2026ರಲ್ಲಿ 283 ಡಾಲರ್, ವರ್ಷಕ್ಕೊಮ್ಮೆ. ಪಾರ್ಟ್ ಎಗೆ 1,736 ಡಾಲರ್, ಅದು ವರ್ಷಕ್ಕಲ್ಲ, ‘ಬೆನಿಫಿಟ್ ಪೀರಿಯಡ್’ ಅಂತ ಇದೆಯಲ್ಲ, ಅದಕ್ಕೊಮ್ಮೆ. "ಒಂದೇ ಪದಕ್ಕೆ ಎರಡು ಲೆಕ್ಕವಾ? ಎಂಥಾ ಲೆಡ್ಜರಮ್ಮ ಇದು?" ಅಂತ ಪುಸ್ತಕ ಮುಚ್ಚಿದರು.

ಕೋಪೇ, ಅಂದರೆ ಡಾಕ್ಟರ ಹತ್ತಿರವೋ ಔಷಧಿ ಅಂಗಡಿಯಲ್ಲೋ ನಾವು ಕೊಡಬೇಕಾದ ನಿಗದಿತ ಪಾಲು, ಮಾತ್ರ ಒಂದೇ ಸಲಕ್ಕೆ ನೆನಪಿನಲ್ಲಿ ಕೂತಿದೆ. ಕೋಪ ಬಂದರೂ ಕೊಡಲೇಬೇಕಾದ ಪೇ, ಅಂತೆ.

ನನ್ನ ಪ್ರಶ್ನೆ ಇಷ್ಟೇ. ಅಕ್ಷರದ ಕ್ರಮ ಬಿಟ್ಟು ಬೇರೆ ಹೇಗೆ ಜೋಡಿಸಲಿ? ಪದಗಳನ್ನು ಕನ್ನಡ ಮಾಡಲೋ, ಇದ್ದ ಹಾಗೇ ಬಿಡಲೋ? ಎರಡನೇ ನೋಟ್‌ಬುಕ್ ತಂದಾಗಿದೆ. ಮಾವ ಅದಕ್ಕೆ ಬೈಂಡ್ ಹಾಕಿಟ್ಟು ಕಾಯುತ್ತಿದ್ದಾರೆ.

ಹಳೇ ಫೈಲು

ಅಮ್ಮನ ಕಾಗದಗಳನ್ನು ಎಂಟು ವರ್ಷದಿಂದ ನೋಡಿಕೊಳ್ಳುತ್ತಿದ್ದೇನೆ. ನಾನೂ ಎ ಇಂದಲೇ ಶುರು ಮಾಡಿ ಸೋತವನು.

ಹಿರಿಯರಿಗೆ ಈ ಪದಗಳು ಎದುರಾಗುವುದು ಟಪಾಲಿನಲ್ಲಿ. ಒಂದು ಕವರ್ ಬರುತ್ತದೆ, ಅದರಲ್ಲಿ ನಾಲ್ಕು ಪದ ತಿಳಿಯಲ್ಲ. ಹಾಗಾಗಿ ಯಾರ ಕಾಗದವೋ ಅವರ ಹೆಸರಲ್ಲಿ ಪುಟ ಮಾಡಿ. ಸೋಶಿಯಲ್ ಸೆಕ್ಯುರಿಟಿಗೆ (ಪಿಂಚಣಿ ನೋಡಿಕೊಳ್ಳುವ ಸರ್ಕಾರಿ ಕಚೇರಿ) ಒಂದು, ಮೆಡಿಕೇರ್‌ಗೆ ಒಂದು, ವಿಮಾ ಕಂಪನಿಗೆ, ಆಸ್ಪತ್ರೆಗೆ, ಔಷಧಿ ಅಂಗಡಿಗೆ ಒಂದೊಂದು. ಕವರ್ ಮೇಲಿನ ಹೆಸರು ನೋಡಿ ಪುಟ ತೆಗೆದರೆ ಆಯಿತು.

ಸೋಶಿಯಲ್ ಸೆಕ್ಯುರಿಟಿ ಪುಟವೇ ಮೊದಲು ಬರಲಿ, ಯಾಕೆಂದರೆ ಅರ್ಜಿ ಹೋಗುವುದು ಅಲ್ಲಿಗೇ. ಅಲ್ಲಿ ‘ಕ್ವಾರ್ಟರ್’ ಅಂತ ಸಿಗುತ್ತದೆ. ಬ್ಯಾಂಕಿನವರು ಕೊಡುತ್ತಿದ್ದ ಮನೆ ಅಲ್ಲ, ದುಡಿಮೆಯ ಲೆಕ್ಕ, ವರ್ಷಕ್ಕೆ ಹೆಚ್ಚೆಂದರೆ ನಾಲ್ಕು. ಇಂಥ 40 ಇದ್ದರೆ, ಅಂದರೆ ಸುಮಾರು ಹತ್ತು ವರ್ಷ ಇಲ್ಲಿ ತೆರಿಗೆ ಕಟ್ಟಿದ್ದರೆ, ಪಾರ್ಟ್ ಎಗೆ ಪ್ರೀಮಿಯಂ ಇಲ್ಲ. ಸ್ವಂತದ್ದು ಇರಬೇಕು, ಇಲ್ಲವೇ ಗಂಡ ಅಥವಾ ಹೆಂಡತಿಯದು. ಮಗ, ಸೊಸೆ ಎಷ್ಟೇ ವರ್ಷ ಕಟ್ಟಿರಲಿ, ಅದು ನಿಮ್ಮ ಮಾವನ ಖಾತೆಗೆ ಬರಲ್ಲ. ಇದು ನಮ್ಮವರಲ್ಲಿ ಎಲ್ಲರೂ ಎಡವುವ ಜಾಗ. ಹಾಗಾಗಿ ನಿಮ್ಮಲ್ಲಿ ಒಬ್ಬೊಬ್ಬರಿಗೆ ತಿಂಗಳಿಗೆ ಎ 565 ಡಾಲರ್, ಬಿ 202.90 ಡಾಲರ್. ಬಿ ಒಂದನ್ನೇ ತೆಗೆದುಕೊಳ್ಳಲೂ ಬಹುದು. ಆದರೆ ಆಗ ಅಡ್ವಾಂಟೇಜಿಗೂ ಸೇರಲಾಗಲ್ಲ, ಮೆಡಿಗ್ಯಾಪೂ (ಒರಿಜಿನಲ್‌ನಲ್ಲಿ ನಮ್ಮ ಪಾಲಿಗೆ ಉಳಿಯುವ ಖರ್ಚಿಗೆ ಖಾಸಗಿ ಕಂಪನಿಯ ಪೂರಕ ವಿಮೆ) ಸಿಗಲ್ಲ. ಅವೆರಡಕ್ಕೂ ಎ, ಬಿ ಎರಡೂ ಬೇಕು.

ಅದೇ ಪುಟದಲ್ಲಿ ‘ಪೆನಾಲ್ಟಿ’ಯನ್ನು ಕೆಂಪು ಇಂಕಿನಲ್ಲಿ ಬರೆಯಿರಿ. ನಮಗೆ ದಂಡ ಅಂದರೆ ಒಂದು ಸಲ ಕಟ್ಟಿ ಕೈ ತೊಳೆದುಕೊಳ್ಳುವುದು. ಇಲ್ಲಿ ಬಿಗೆ ತಡವಾಗಿ ಸೇರಿದರೆ, ತಪ್ಪಿಸಿದ ಪ್ರತಿ 12 ತಿಂಗಳಿಗೆ ಪ್ರೀಮಿಯಂ 10% ಜಾಸ್ತಿ, ಅದೂ ಬಿ ಇರುವವರೆಗೂ. ನಿಮಗೆ ಏಳು ತಿಂಗಳ ಅವಕಾಶ ಇದೆ. ಐದು ವರ್ಷ ತುಂಬುವ ತಿಂಗಳು, ಅದರ ಹಿಂದಿನ ಮೂರು, ಮುಂದಿನ ಮೂರು.

‘ನೋಟಿಸ್’ ಬಗ್ಗೆಯೂ ಮೊದಲೇ ಹೇಳಿಟ್ಟಿರಿ. ಮೆಡಿಕೇರ್ ಸಮ್ಮರಿ ನೋಟಿಸ್ ಬಂದ ದಿನ ನಮ್ಮಮ್ಮ ಕೋರ್ಟಿನಿಂದ ಬಂತು ಅಂತ ಊಟ ಬಿಟ್ಟಿದ್ದರು. ಅದು ಬಿಲ್ ಕೂಡ ಅಲ್ಲ, ಹಾಗಂತ ಅದರ ಮೇಲೇ ದಪ್ಪಕ್ಷರದಲ್ಲಿ ಇರುತ್ತದೆ. ಯಾರು ಎಷ್ಟು ಕೇಳಿದರು, ಮೆಡಿಕೇರ್ ಎಷ್ಟು ಕೊಟ್ಟಿತು, ನಿಮ್ಮ ಪಾಲಿಗೆ ಎಷ್ಟು ಬರಬಹುದು ಅನ್ನುವ ಪಾಸ್‌ಬುಕ್ ಎಂಟ್ರಿ ಅಷ್ಟೇ.

ಕೊನೆಯಲ್ಲಿ ಒಂದು ಪುಟಕ್ಕೆ ‘ಒಂದೇ ಹೆಸರಿನವರು’ ಅಂತ ತಲೆಬರಹ ಹಾಕಿ. ಪಾರ್ಟ್ ಎ, ಬಿ, ಸಿ, ಡಿ ಇದ್ದ ಹಾಗೆ ಮೆಡಿಗ್ಯಾಪ್‌ನಲ್ಲಿ ಪ್ಲಾನ್ ಎ, ಬಿ, ಸಿ, ಡಿ ಇವೆ. ಒಂದಕ್ಕೊಂದು ಸಂಬಂಧವೇ ಇಲ್ಲ! ಯಾವ ಪುಣ್ಯಾತ್ಮ ಹೆಸರಿಟ್ಟನೋ. ‘ಪಾರ್ಟ್’ ಅಂದರೆ ಕಾನೂನಿನ ಭಾಗ ಅಂತ ಬರೆದರೆ ನಿಮ್ಮ ಮಾವ ಥಟ್ಟನೆ ಹಿಡಿಯುತ್ತಾರೆ. 1965ರಲ್ಲಿ ಲಿಂಡನ್ ಜಾನ್ಸನ್ ಸಹಿ ಹಾಕಿದ ಕಾನೂನಿನಲ್ಲಿ ಎ ಮತ್ತು ಬಿ ಇದ್ದವು. ಅಡ್ವಾಂಟೇಜಿನ ಬೇರು 1997ರ ಕಾನೂನಿನಲ್ಲಿದೆ. ಔಷಧಿಯ ಡಿ 2003ರಲ್ಲಿ ಸೇರಿ 2006ರಿಂದ ಜಾರಿಗೆ ಬಂತು. ‘ಪ್ಲಾನ್’ ಅಂದರೆ ಕಂಪನಿ ಮಾರುವ ಸರಕು.

‘ಓಪನ್ ಎನ್‌ರೋಲ್‌ಮೆಂಟ್’, ಅಂದರೆ ಸೇರಲು ಅಥವಾ ಪ್ಲಾನ್ ಬದಲಿಸಲು ಇರುವ ಅವಧಿ, ಕೂಡ ಅದೇ ಪುಟಕ್ಕೆ. ಅಕ್ಟೋಬರ್ 15ರಿಂದ ಡಿಸೆಂಬರ್ 7 ಒಂದು, ಎಲ್ಲರಿಗೂ. ಜನವರಿ 1ರಿಂದ ಮಾರ್ಚ್ 31 ಇನ್ನೊಂದು, ಆಗಲೇ ಅಡ್ವಾಂಟೇಜಿನಲ್ಲಿ ಇರುವವರಿಗೆ. ಮೆಡಿಗ್ಯಾಪ್‌ನದು ಮೂರನೆಯದು. 65 ದಾಟಿದವರಿಗೆ ಬಿ ಶುರುವಾದ ತಿಂಗಳಿಂದ ಆರು ತಿಂಗಳು. ಆ ಆರು ತಿಂಗಳಲ್ಲಿ ಶುಗರ್, ಬಿಪಿ ಇದೆ ಅಂತ ಕಂಪನಿ ಇಲ್ಲ ಅನ್ನುವ ಹಾಗಿಲ್ಲ. ಆಮೇಲೆ ಬಹಳ ರಾಜ್ಯಗಳಲ್ಲಿ ಅನ್ನಬಹುದು.

ಅಚ್ಚಗನ್ನಡ

ಎಲ್ಲವನ್ನೂ ಇಂಗ್ಲಿಷಿನಲ್ಲೇ ಬಿಟ್ಟರೆ ಅದು ಕನ್ನಡ ಪುಸ್ತಕ ಹೇಗಾಯಿತು? ಕೋಪೇಗೆ ಸಹಪಾವತಿ, ಡಿಡಕ್ಟಿಬಲ್‌ಗೆ ಕಳೆಮೊತ್ತ, ಫಾರ್ಮುಲರಿಗೆ (ವಿಮೆ ಖರ್ಚು ಕೊಡುವ ಔಷಧಿಗಳ ಪಟ್ಟಿ) ಔಷಧಸೂಚಿ ಅನ್ನಬಹುದು. ನಾವು ಬಳಸದೆ ಪದ ಬೆಳೆಯುವುದಿಲ್ಲ.

ಪಡಸಾಲೆ

ನಿಮ್ಮ ಮೂರೂ ಪದಗಳನ್ನು ಊಟಕ್ಕೆ ಕೂತಾಗ ಮಾವನಿಗೆ ಓದಿ ಹೇಳಿದೆ. "ಚೆನ್ನಾಗಿದೆ. ಇವಕ್ಕೂ ಅರ್ಥ ಬರೆದುಕೊಡು" ಅಂದರು. ಔಷಧಸೂಚಿ ಮಾತ್ರ ಅತ್ತೆಗೆ ಇಷ್ಟವಾಯಿತು, ಅದನ್ನು ಉಳಿಸಿಕೊಂಡಿದ್ದೇನೆ. ಮಿಕ್ಕಿದ್ದು ಕಾಗದದಲ್ಲಿ ಹೇಗಿದೆಯೋ ಹಾಗೇ. ಕೌಂಟರಿನಲ್ಲಿ ನಿಂತು ಸಹಪಾವತಿ ಎಷ್ಟು ಅಂತ ಕೇಳಲಾಗಲ್ಲವಲ್ಲ.

ರಾತ್ರಿ ಪಾಳಿ

ನಾನು ಇಲ್ಲಿ ನರ್ಸ್. ಆಸ್ಪತ್ರೆ ಪುಟಕ್ಕೆ ಮೂರು ಪದ ಕೊಡುತ್ತೇನೆ. ಮೊದಲನೆಯದನ್ನು ದಯವಿಟ್ಟು ದೊಡ್ಡದಾಗಿ ಬರೆಯಿರಿ.

‘ಅಬ್ಸರ್ವೇಶನ್’. ನಮ್ಮ ಚಿಕ್ಕಮ್ಮ ಬಿದ್ದು ಸೊಂಟ ನೋಯಿಸಿಕೊಂಡು, ನಾನು ಕೆಲಸ ಮಾಡದ ಬೇರೊಂದು ಆಸ್ಪತ್ರೆಯಲ್ಲಿ ಮೂರು ರಾತ್ರಿ ಇದ್ದರು. ಅದೇ ಮಂಚ, ಅದೇ ಗೌನು, ಕೈಗೆ ಅದೇ ಪಟ್ಟಿ. ನಾವೆಲ್ಲ ಅಡ್ಮಿಟ್ ಆಗಿದ್ದಾರೆ ಅಂದುಕೊಂಡೆವು. ಕಾಗದದಲ್ಲಿ ಅವರು ಇನ್‌ಪೇಶಂಟ್ ಆಗಿರಲೇ ಇಲ್ಲ, ಅಬ್ಸರ್ವೇಶನ್‌ನಲ್ಲಿದ್ದರು. ಅಂದರೆ ಹೊರರೋಗಿ. ಒರಿಜಿನಲ್ ಮೆಡಿಕೇರ್‌ನಲ್ಲಿ ಆಮೇಲೆ ನರ್ಸಿಂಗ್ ಕೇಂದ್ರದ ಖರ್ಚು ಸಿಗಬೇಕಾದರೆ ಮೂರು ದಿನ ಇನ್‌ಪೇಶಂಟ್ ಆಗಿರಬೇಕು. ಸಿಗಲಿಲ್ಲ. ಪೂರ್ತಿ ಕೈಯಿಂದ ಕಟ್ಟಿದೆವು. ಇಷ್ಟು ವರ್ಷ ಈ ಕೆಲಸದಲ್ಲಿದ್ದೂ ಮೊದಲ ದಿನವೇ ನಾನು ಕೇಳಲಿಲ್ಲ ಅನ್ನುವುದು ಇವತ್ತಿಗೂ ಚುಚ್ಚುತ್ತದೆ. 24 ಗಂಟೆಗಿಂತ ಜಾಸ್ತಿ ಅಬ್ಸರ್ವೇಶನ್‌ನಲ್ಲಿಟ್ಟರೆ ಆಸ್ಪತ್ರೆ ಒಂದು ಲಿಖಿತ ತಿಳುವಳಿಕೆ ಪತ್ರ ಕೊಡಬೇಕು. ಚಿಕ್ಕಮ್ಮ ಅದಕ್ಕೆ ಸಹಿ ಹಾಕಿದ್ದರು, ಓದಿರಲಿಲ್ಲ. ನಿಮ್ಮ ಮಾವನ ಸಹಿಯ ನಿಯಮ ಎಷ್ಟು ಒಳ್ಳೆಯದು ನೋಡಿ.

‘ಬೆನಿಫಿಟ್ ಪೀರಿಯಡ್’. ಇನ್‌ಪೇಶಂಟ್ ಆದ ದಿನ ಶುರು. ಆಸ್ಪತ್ರೆಯಾಗಲಿ ನರ್ಸಿಂಗ್ ಆರೈಕೆಯಾಗಲಿ ಇಲ್ಲದೆ ಸತತ 60 ದಿನ ಕಳೆದರೆ ಮುಗಿಯಿತು. 61ನೇ ದಿನ ಮತ್ತೆ ಸೇರಿದರೆ ಹೊಸ ಪೀರಿಯಡ್, ಮತ್ತೆ 1,736. ಒಂದೇ ವರ್ಷದಲ್ಲಿ ಎರಡು ಸಲವೂ ಕಟ್ಟಬೇಕಾಗಬಹುದು.

‘ಅಸೈನ್‌ಮೆಂಟ್’. ಮಕ್ಕಳ ಹೋಮ್‌ವರ್ಕ್ ಅಲ್ಲ. ಮೆಡಿಕೇರ್ ಒಪ್ಪಿದ ದರವೇ ಪೂರ್ತಿ ದರ ಅಂತ ಡಾಕ್ಟರು ಒಪ್ಪಿಕೊಳ್ಳುವುದು. ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಕೇಳಿ.

ಕೋಪೇ ಪಕ್ಕದಲ್ಲೇ ಕೋಇನ್ಶೂರೆನ್ಸ್ ಬರೆಯಿರಿ. ಕೋಪೇ ಅಂದರೆ ಇಷ್ಟು ಡಾಲರ್ ಅಂತ ಗೊತ್ತಿರುತ್ತದೆ. ಇನ್ನೊಂದು ಶೇಕಡಾವಾರು. ಪಾರ್ಟ್ ಬಿಯಲ್ಲಿ ಸಾಮಾನ್ಯವಾಗಿ 20%, ಒರಿಜಿನಲ್‌ನಲ್ಲಿ ಅದಕ್ಕೆ ಮೇಲ್ಮಿತಿ ಇಲ್ಲ. ಮೆಡಿಗ್ಯಾಪ್ ತುಂಬುವುದು ಇಂಥ ಬಿರುಕುಗಳನ್ನೇ.

ಪಡಸಾಲೆ

ಎಲ್ಲರಿಗೂ ಥ್ಯಾಂಕ್ಸ್. ಎರಡು ವಾರದ ವರದಿ ಇಲ್ಲಿದೆ.

ಹೊಸ ನೋಟ್‌ಬುಕ್ ಕಾಗದದ ಪ್ರಕಾರವೇ ಆಗಿದೆ. ಮಾವ ಸ್ಕೇಲ್ ಹಿಡಿದು ನಾಲ್ಕು ಕಾಲಂ ಎಳೆದರು: ಪದ, ಅರ್ಥ, ಎಷ್ಟು, ಯಾವಾಗ. ಕೊನೆಯ ಎರಡು ಅವರದೇ ಐಡಿಯಾ. ‘ಎಷ್ಟು’ ಮಾತ್ರ ಪೆನ್ಸಿಲ್‌ನಲ್ಲಿ, ಯಾಕೆಂದರೆ ಪ್ರತಿ ಜನವರಿ ಅಂಕಿ ಬದಲಾಗುತ್ತದೆ. ಔಷಧಿ ಪುಟದಲ್ಲಿ, ಪಾರ್ಟ್ ಡಿ ಔಷಧಿಗೆ ನಮ್ಮ ಜೇಬಿನಿಂದ ಹೋಗುವ ದುಡ್ಡಿನ ವರ್ಷದ ಮಿತಿ ಈಗ 2,100 ಡಾಲರ್ ಅಂತ ಇದೆ. ಹೋದ ವರ್ಷ 2,000 ಇತ್ತು. ಇನ್ನೂ ಜನ ಮಾತಾಡುವ ‘ಡೋನಟ್ ಹೋಲ್’ (ಔಷಧಿ ಖರ್ಚು ಒಂದು ಮಟ್ಟ ದಾಟಿದ ಮೇಲೆ ವಿಮೆಯಲ್ಲಿ ಬರುತ್ತಿದ್ದ ಅಂತರ) 2025ರಲ್ಲೇ ಹೋಯಿತು, ಅದನ್ನು ಬರೆದು ಅಡ್ಡಗೆರೆ ಎಳೆದಿದ್ದೇವೆ.

‘ಒಂದೇ ಹೆಸರಿನವರು’ ಒಂದು ಪುಟಕ್ಕೆ ಮುಗಿಯಲಿಲ್ಲ, ನಾಲ್ಕು ಪುಟ ಆಯಿತು. ಅದಕ್ಕೆ ಮೆಡಿಕೇಡ್ ಕೂಡ ಸೇರಿಸಿದೆ. ಕನ್ನಡದಲ್ಲಿ ಬರೆದರೆ ಮೆಡಿಕೇರ್‌ಗೂ ಅದಕ್ಕೂ ಒಂದೇ ಅಕ್ಷರ ವ್ಯತ್ಯಾಸ. ಕಡಿಮೆ ಆದಾಯದವರಿಗೆ ಕೇಂದ್ರ, ರಾಜ್ಯ ಸೇರಿ ನಡೆಸುವುದು ಅದು, ಹುಟ್ಟಿದ್ದು ಅದೇ 1965ರ ಕಾನೂನಿನಲ್ಲಿ. "ಅವಳಿ ಮಕ್ಕಳಿಗೆ ರಾಮಣ್ಣ, ಶಾಮಣ್ಣ ಅಂತ ಇಟ್ಟ ಹಾಗೆ" ಅಂದರು ಮಾವ.

ತಿಂಗಳಿಗೆ ಇಬ್ಬರಿಗೂ ಸೇರಿ 1,535 ಡಾಲರ್ 80 ಸೆಂಟ್ಸ್ ಅಂತ ಕೂಡಿಸಿ, ಸುಮಾರು ಹೊತ್ತು ಸುಮ್ನೆ ಕೂತರು. ಮಗನ ತೆರಿಗೆ ಲೆಕ್ಕಕ್ಕಿಲ್ಲ ಅನ್ನುವುದನ್ನು ಎರಡು ಸಲ ಓದಿಸಿಕೊಂಡರು. ಬಿಗೆ ಸೇರುವುದು ಖಚಿತ. ಎ ಕಾಲಂನಲ್ಲಿ ‘ವಿಚಾರಿಸಬೇಕು’ ಅಂತ ಪೆನ್ಸಿಲ್‌ನಲ್ಲಿ ಬರೆದಿದ್ದಾರೆ. ಪ್ರತಿ ರಾಜ್ಯದಲ್ಲೂ ‘ಶಿಪ್’ ಅನ್ನುವ ಉಚಿತ ಸಲಹಾ ಕೇಂದ್ರ ಇರುತ್ತದಲ್ಲ, ಅಲ್ಲಿ ಮುಂದಿನ ಮಂಗಳವಾರ ಸಮಯ ಸಿಕ್ಕಿದೆ. ನೋಟ್‌ಬುಕ್ ಜೊತೆಗೇ ಹೋಗುತ್ತದೆ.

ಇನ್ನೊಂದು ಸಮಸ್ಯೆ ಎದ್ದಿದೆ. ನಿನ್ನೆ ಅತ್ತೆ ಎಲ್ಲ ಪುಟ ತಿರುವಿ ನೋಡಿ, "ಇದರಲ್ಲಿ ಇವರ ಹೆಸರೇ ಇದೆಯಲ್ಲ, ನಂದೆಲ್ಲಿ?" ಅಂದರು. ಮೆಡಿಕೇರ್‌ನಲ್ಲಿ ಗಂಡ-ಹೆಂಡತಿಗೆ ಸೇರಿ ಒಂದು ಪಾಲಿಸಿ ಅಂತ ಇಲ್ಲ. ಒಬ್ಬೊಬ್ಬರಿಗೂ ಬೇರೆ ಕಾರ್ಡು, ಬೇರೆ ನಂಬರು, ಬೇರೆ ಡಿಡಕ್ಟಿಬಲ್. ಅತ್ತೆ ಕೇಳಿದ್ದು ಸರಿಯೇ. ಮೂರನೇ ನೋಟ್‌ಬುಕ್ ತರಲು ಹೊರಟಿದ್ದೇನೆ.