ಹುಡುಗಿ ಕೆಮ್ಮಿದಳಾ, ಮುಗೀತು ಕಥೆ

ಪಚ್ಚಿಯದ್ದು ಒಂದೇ ವಾದ. ಅನಿಮೆಯಲ್ಲಿ, ಅಂದರೆ ಜಪಾನಿನ ಕಾರ್ಟೂನ್ ಸರಣಿಗಳಲ್ಲಿ, ಯಾವ ಹುಡುಗಿ ಜಾಸ್ತಿ ನಗುತ್ತಾ ಜಾಸ್ತಿ ಕುಣಿಯುತ್ತಾ ಓಡಾಡುತ್ತಾಳೋ ಅವಳು ಕೊನೇ ಎಪಿಸೋಡಿನವರೆಗೆ ಉಳಿಯುವುದಿಲ್ಲ. ಅಮ್ಮನ ಪಾತ್ರ ಆದರೆ ಕಂಡುಹಿಡಿಯುವುದು ಇನ್ನೂ ಸುಲಭ. ಕೂದಲನ್ನು ಸಡಿಲವಾಗಿ ಕಟ್ಟಿ ಒಂದು ಭುಜದ ಮೇಲೆ ಮುಂದಕ್ಕೆ ಬಿಟ್ಟುಕೊಂಡಿದ್ದಾಳಾ? ಹಾರಕ್ಕೆ ಹೇಳಿಬಿಡಿ.

"ಇಷ್ಟೆಲ್ಲ ಗೊತ್ತಿದ್ದೂ ಮೂಗು ಒರೆಸಿಕೊಂಡು ಕೂತಿರುತ್ತೀರಲ್ಲ, ಅದೂ ಯಾರೋ ಬರೆದ ಚಿತ್ರಕ್ಕೆ!" ಅಂದ.

ಬೈಸಿಕೊಂಡವರು ಶ್ರುತಿ, ಸೀನ ಮತ್ತು ನಾನು. ಸೀನನ ಸ್ಥಿತಿ ನಿಜಕ್ಕೂ ಚೆನ್ನಾಗಿರಲಿಲ್ಲ. 'ಯುವರ್ ಲೈ ಇನ್ ಏಪ್ರಿಲ್' ಸರಣಿಯ 22 ಎಪಿಸೋಡನ್ನೂ ಒಂದೇ ಸಮನೆ ನೋಡಿ ಮುಗಿಸಿ, ಪಿಯಾನೋ ಅಂದರೆ ಸಾಕು ಕಣ್ಣು ತುಂಬಿಕೊಳ್ಳುತ್ತಿದ್ದ.

"ನಿಂಗೆ ಕಥೆ ಗೊತ್ತಾ?" ಅಂತ ಪಚ್ಚಿಯ ಮೇಲೆ ಏರಿಹೋದ. "ಕೋಸೆ ಅಂತ ಹುಡುಗ, 14 ವರ್ಷ. ಅಮ್ಮ ಸತ್ತ ಮೇಲೆ ಅವನು ನುಡಿಸುವ ಪಿಯಾನೋ ಅವನಿಗೇ ಕೇಳಿಸುವುದಿಲ್ಲ. ಕಿವಿ ಸರಿ ಇದೆ ಕಣೋ, ಮನಸ್ಸು ಸರಿ ಇಲ್ಲ. ಆಮೇಲೆ ಕಾವೋರಿ ಬರುತ್ತಾಳೆ, ವಯಲಿನ್ ನುಡಿಸುವವಳು..."

"ಕೆಮ್ಮುತ್ತಾಳೆ."

"ಕೆಮ್ಮಲ್ಲ! ಕುಸಿದು ಬೀಳುತ್ತಾಳೆ!"

"ನೋಡಿದೆಯಾ," ಅಂತ ಪಚ್ಚಿ ಗೆದ್ದವನ ಹಾಗೆ ನಮ್ಮ ಕಡೆ ತಿರುಗಿದ.

ಆದರೆ ಆ ಕಥೆ ನಿಂತಿರುವುದು ಕಾಯಿಲೆಯ ಮೇಲೆ ಅಲ್ಲ, ಒಂದು ಸುಳ್ಳಿನ ಮೇಲೆ. ಕಾವೋರಿ ಮೊದಲೇ 'ನಂಗೆ ವಾತಾರಿ ಇಷ್ಟ' ಅಂದುಬಿಟ್ಟಿರುತ್ತಾಳೆ. ವಾತಾರಿ ಅಂದರೆ ಕೋಸೆಯ ಗೆಳೆಯ, ಫುಟ್‌ಬಾಲ್ ಆಡುವವನು, ಹುಡುಗಿಯರು ಮುತ್ತಿಕೊಳ್ಳುವಂಥವನು. ಹಾಗಾಗಿ ಕೋಸೆ ಸರಣಿ ಪೂರ್ತಿ ಬಾಯಿ ಮುಚ್ಚಿಕೊಂಡೇ ಇರುತ್ತಾನೆ. ಕೊನೇ ಎಪಿಸೋಡಿನಲ್ಲಿ, ಅವಳು ಹೋದ ಮೇಲೆ, ಅವಳ ಅಪ್ಪ ಅಮ್ಮ ಒಂದು ಪತ್ರ ಕೊಡುತ್ತಾರೆ. ಐದು ವರ್ಷದವಳಿದ್ದಾಗ ಅವನು ಪಿಯಾನೋ ನುಡಿಸಿದ್ದನ್ನು ಕೇಳಿ, ಇವನ ಜೊತೆ ನುಡಿಸಬೇಕು ಅಂತಲೇ ತಾನು ವಯಲಿನ್ ಹಿಡಿದೆ ಅಂತ ಬರೆದಿರುತ್ತಾಳೆ. ವಾತಾರಿ ಇಷ್ಟ ಅಂದಿದ್ದೇ ಸುಳ್ಳು. ಹೆಸರಿನಲ್ಲೇ 'ಏಪ್ರಿಲ್‌ನ ಸುಳ್ಳು' ಅಂತ ಹಾಕಿದ್ದಾರೆ, ನಾವು ಮಾತ್ರ 22 ಎಪಿಸೋಡು ಕಾಯುತ್ತೇವೆ.

"ಇದೊಂದು ವಿಷಯ ಎದುರಿಗೇ ಹೇಳಿದ್ದರೆ ಎರಡು ಎಪಿಸೋಡಿಗೆ ಮುಗಿಯುತ್ತಿತ್ತಲ್ವಾ?" ಅಂದ ಪಚ್ಚಿ.

"ನೀನು ಬರೆದಿದ್ದರೆ ಹಂಗೇ ಮುಗಿಯುತ್ತಿತ್ತು," ಅಂದಳು ಶ್ರುತಿ.

ಶ್ರುತಿ ನಮ್ಮಲ್ಲಿ ಸ್ವಲ್ಪ ಓದಿಕೊಂಡವಳು. "ಬರೆದ ಚಿತ್ರಕ್ಕೆ ಅಳುವುದೇನು ದೊಡ್ಡದು? ಜಪಾನಿನವರು ಮರದ ಗೊಂಬೆಗೇ ಅತ್ತವರು," ಅಂತ ಶುರು ಮಾಡಿದಳು. 1703ರಲ್ಲಿ ಒಸಾಕಾದಲ್ಲಿ ಚಿಕಮಾತ್ಸು ಎಂಬಾತ ಗೊಂಬೆಯಾಟಕ್ಕೆ ಒಂದು ನಾಟಕ ಬರೆದನಂತೆ. ಸೋಯಾ ಸಾಸ್ ಅಂಗಡಿಯ ಹುಡುಗ, ವೇಶ್ಯೆಯರ ಕೇರಿಯ ಹುಡುಗಿ, ಇಬ್ಬರೂ ಒಟ್ಟಿಗೆ ಪ್ರಾಣ ಬಿಡುತ್ತಾರೆ. ಅದು ಊರಲ್ಲಿ ನಿಜವಾಗಿ ನಡೆದ ಸಾವೇ. ಆಮೇಲೆ ಇಂಥ ನಾಟಕಗಳು ಎಷ್ಟು ಜಾಸ್ತಿಯಾದವು ಅಂದರೆ ಸರ್ಕಾರವೇ ನಿಷೇಧ ಹಾಕಿತು.

"ಸರಿಯಾದ ಸರ್ಕಾರ," ಅಂದ ಪಚ್ಚಿ.

ನನ್ನ ಲೆಕ್ಕ ಬೇರೆ. ನಮ್ಮನ್ನು ಅಳಿಸುವುದು ಸಾವಲ್ಲ, ಅದಕ್ಕೂ ಮುಂಚಿನ ತಮಾಷೆ. ಕುರಿಗೆ ಸೊಪ್ಪು ಹಾಕಿ ಹಾಕಿ ಸಾಕಿದ ಹಾಗೆ ಅನಿಮೆ ಮಾಡುವವರು ನಮಗೆ ನಗು ಹಾಕಿ ಸಾಕುತ್ತಾರೆ. 'ಕ್ಲಾನಾಡ್' ನೋಡಿ. ಕೀ ಅನ್ನುವ ಕಂಪನಿ 2004ರಲ್ಲಿ ಮಾಡಿದ ಗೇಮ್ ಅದು. ಮೊದಲು ನಗಿಸು, ಆಮೇಲೆ ಅಳಿಸು ಅನ್ನುವುದರಲ್ಲಿ ಆ ಕಂಪನಿ ಪಳಗಿದ ಕೈ. ಕ್ಯೋಟೋ ಅನಿಮೇಷನ್‌ನವರು 2007ರಲ್ಲಿ ಅದನ್ನು ಸರಣಿ ಮಾಡಿದರು. ನಾಯಕಿ ನಾಗಿಸಾಳ ಅಪ್ಪ ಅಮ್ಮನದ್ದು ಬೇಕರಿ. ಅಮ್ಮ ಸನಾಏ ಮಾಡುವ ಬ್ರೆಡ್ ಬಾಯಿಗಿಡುವ ಹಾಗಿರಲ್ಲ. ಯಾರಾದರೂ ಹಾಗಂದರೆ ಅಳುತ್ತಾ ರಸ್ತೆಗೆ ಓಡುತ್ತಾಳೆ. ಗಂಡ ಅದೇ ಬ್ರೆಡ್ಡನ್ನು ಬಾಯಿಗೆ ತುರುಕಿಕೊಂಡು 'ನಂಗೆ ಇಷ್ಟಾ ಕಣೇ' ಅಂತ ಕೂಗುತ್ತಾ ಹಿಂದೆ ಓಡುತ್ತಾನೆ. ಇದನ್ನು ಎಷ್ಟು ಸಲ ತೋರಿಸಿದರೂ ನಾವು ನಗುತ್ತೇವೆ. ಎರಡನೇ ಸರಣಿಯಲ್ಲಿ ನಾಗಿಸಾ ಹೆರಿಗೆಯಲ್ಲಿ ತೀರಿಕೊಂಡಾಗ ಆ ಮಗುವನ್ನು ಐದು ವರ್ಷ ಸಾಕುವವರು ಇದೇ ಬ್ರೆಡ್ ಜೋಡಿ! ಅಪ್ಪ ತೊಮೊಯಾ ದುಃಖದಲ್ಲಿ ಮಗಳ ಮುಖವನ್ನೂ ನೋಡುತ್ತಿರುವುದಿಲ್ಲ.

"ಹದಿನೆಂಟನೇ ಎಪಿಸೋಡು ಹೇಳಬೇಡ," ಅಂದ ಸೀನ.

ಹೇಳಿದೆ. ಅಳುವುದಕ್ಕೆ ಎರಡೇ ಜಾಗ ಅಂತ ಅಜ್ಜಿ ಹೇಳಿಕೊಟ್ಟಿರುತ್ತಾಳೆ, ಒಂದು ಟಾಯ್ಲೆಟ್, ಇನ್ನೊಂದು ಅಪ್ಪನ ತೋಳು. ಮಗು ಅದನ್ನು ಅಪ್ಪನಿಗೇ ಹೇಳುತ್ತದೆ. ಸೀನ ಎದ್ದು ಟಾಯ್ಲೆಟ್ಟಿಗೇ ಹೋದ.

ಪಚ್ಚಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಸೋತನೇನೋ ಅಂದುಕೊಂಡೆವು. ಅವನು ಫೋನಿನಲ್ಲಿ ಲೆಕ್ಕ ಹಾಕುತ್ತಿದ್ದ. "ಪ್ಲಾಸ್ಟಿಕ್ ಮೆಮೊರೀಸ್ ಅಂತ 2015ರಲ್ಲಿ ಬಂತಲ್ಲ, ಮನುಷ್ಯರ ಥರದ ರೋಬೋಗಳಿಗೆ 81,920 ಗಂಟೆ ಆಯುಸ್ಸು. ಅಂದರೆ ಒಂಬತ್ತು ವರ್ಷ ಚಿಲ್ಲರೆ. ನಮ್ಮನೆ ಫ್ರಿಜ್ಜೇ ಅದಕ್ಕಿಂತ ಜಾಸ್ತಿ ಬಂದಿದೆ. ವಾರಂಟಿ ಮುಗಿಯುತ್ತೆ ಅಂತ ಗೊತ್ತಿದ್ದೂ ಪ್ರೀತಿ ಮಾಡಿದರೆ ತಪ್ಪು ಯಾರದ್ದು?"

ಇಲ್ಲಿ ಮಾತ್ರ ನಾನು ಅರ್ಧ ಪಚ್ಚಿಯ ಕಡೆ. ಮೊದಲ ಎಪಿಸೋಡಿನಲ್ಲಿ ಅಜ್ಜಿಯೊಬ್ಬಳು ಸಾಕಿಕೊಂಡ ಪುಟ್ಟ ರೋಬೋ ಹುಡುಗಿಯನ್ನು ವಾಪಸ್ ಕರೆದೊಯ್ಯಲು ಬರುತ್ತಾರಲ್ಲ, ಅದು ಅಳಿಸಿದಷ್ಟು ನಾಯಕ ನಾಯಕಿಯ ಪ್ರೀತಿ ಅಳಿಸಲಿಲ್ಲ. ನಡುವಿನ ಎಪಿಸೋಡುಗಳಲ್ಲಿ ಸುಮ್ನೆ ನಾಚಿಕೊಂಡು ನಾಚಿಕೊಂಡು ಟೈಮ್ ಕಳೆಯುತ್ತಾರೆ. ನಾಯಕಿಯೂ ರೋಬೋನೇ, ಅವಳಿಗೆ ಉಳಿದಿರುವುದೇ ಸ್ವಲ್ಪ ಗಂಟೆ, ಅದರಲ್ಲಿ ಇದು ಬೇರೆ.

ಶ್ರುತಿ ಕೊನೇ ಅಸ್ತ್ರ ತೆಗೆದಳು. 2018ರ 'ವೈಲೆಟ್ ಎವರ್‌ಗಾರ್ಡನ್', ಹತ್ತನೇ ಎಪಿಸೋಡು. ಸಾಯುತ್ತಿರುವ ತಾಯಿ, ಆ್ಯನ್ ಅನ್ನುವ ಪುಟ್ಟ ಮಗಳಿಗೆ 50 ಪತ್ರ ಬರೆಸಿಡುತ್ತಾಳೆ. ಮುಂದಿನ 50 ವರ್ಷ, ವರ್ಷಕ್ಕೊಂದು, ಹುಟ್ಟುಹಬ್ಬದ ದಿನ ತಲುಪಬೇಕು. ಟಾಯ್ಲೆಟ್ಟಿನಿಂದ ಬಂದ ಸೀನ ಇದನ್ನು ಕೇಳಿ ಅಲ್ಲಿಂದಲೇ ವಾಪಸ್ ತಿರುಗಿದ.

"ತಡಿ ತಡಿ," ಅಂದ ಪಚ್ಚಿ. "50 ವರ್ಷ ಪತ್ರ ಎಲ್ಲಿ ಇಡುತ್ತಾರೆ?"

"ಪತ್ರ ಬರೆದುಕೊಡುವವರ ಕಂಪನಿಯಲ್ಲಿ."

"ಕಂಪನಿ ಮುಚ್ಚಿದರೆ? ಮಳೆ ಬಂದರೆ? ಗೆದ್ದಲು? ಆ್ಯನ್ ಮದುವೆಯಾಗಿ ಬೇರೆ ಊರಿಗೆ ಹೋದರೆ ಅಡ್ರೆಸ್ ಚೇಂಜ್ ಯಾರು ಮಾಡಿಸುತ್ತಾರೆ?"

"ಹೋಗಲ್ಲ. ಅದೇ ಮನೆಯಲ್ಲಿರುತ್ತಾಳೆ. 2020ರ ಸಿನಿಮಾದಲ್ಲಿ ಅವಳ ಮೊಮ್ಮಗಳಿಗೆ ಆ ಪತ್ರಗಳು ಅದೇ ಮನೆಯಲ್ಲಿ ಸಿಗುತ್ತವೆ."

"50ಕ್ಕೆ 50 ಬಂದವಾ?"

"ಬಂದವು."

"ಹುಟ್ಟುಹಬ್ಬ ಭಾನುವಾರ ಬಿದ್ದರೂ?"

ಅದಕ್ಕೆ ಶ್ರುತಿಯ ಹತ್ತಿರ ಉತ್ತರ ಇರಲಿಲ್ಲ.