ಅಪ್‌ಡೇಟ್: ಫಾರ್ಮಿನ ತಪ್ಪುಗಳೆಲ್ಲ ಈಗ ಒಂದೇ ಸಲ ಕಾಣುತ್ತಿವೆ

ಕೋಲಾರದ ಎಪಿಎಂಸಿಯಲ್ಲಿರುವ ನಮ್ಮ ಮಾವನ ಟೊಮೆಟೊ ಮಂಡಿಗೆ ಪೈಥಾನ್‌ನಲ್ಲಿ ವೆಬ್ ಫಾರ್ಮ್ ಮಾಡಿದ್ದೆ. ರೈತರ ಮೊಬೈಲ್ ನಂಬರ್, ಬಾಕ್ಸ್ ಲೆಕ್ಕ ತಪ್ಪಿದ್ದರೆ ಎಕ್ಸೆಪ್ಶನ್ ರೈಸ್ ಮಾಡುವುದು (ಅಂದರೆ ತಪ್ಪಾಗಿದೆ ಅಂತ ಸೂಚನೆ ಕೊಟ್ಟು ಕೋಡ್ ಮುಂದೆ ಹೋಗದಂತೆ ತಡೆಯುವುದು) ಸರಿಯಾ ಅಂತ ಹೋದ ವಾರ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಮೊದಲ ತಪ್ಪು ಸಿಕ್ಕ ಕೂಡಲೇ ಕೋಡ್ ಅಲ್ಲೇ ನಿಲ್ಲುತ್ತಿತ್ತು. ಮಾವ ನಂಬರ್ ತಿದ್ದಿದರೆ ಆಮೇಲೆ ಬಾಕ್ಸ್ ಲೆಕ್ಕದ ತಪ್ಪು ಬರುತ್ತಿತ್ತು. ಹರಾಜಿನ ಹೊತ್ತಿನಲ್ಲಿ ಅಷ್ಟು ಪುರುಸೊತ್ತು ಯಾರಿಗಿರುತ್ತದೆ? ಈಗ ಎಲ್ಲ ಖಾನೆಗಳನ್ನೂ ನೋಡಿ ತಪ್ಪುಗಳನ್ನು ಒಂದು ಲಿಸ್ಟ್‌ಗೆ ಹಾಕುತ್ತೇನೆ. ಕೊನೆಯಲ್ಲಿ ಲಿಸ್ಟ್ ಖಾಲಿ ಇಲ್ಲದಿದ್ದರೆ ಮಾತ್ರ ಒಂದು ವ್ಯಾಲಿಡೇಶನ್ ಎಕ್ಸೆಪ್ಶನ್. ಅದನ್ನು ಹಿಡಿಯುವುದೂ ಒಂದೇ ಕಡೆ. ಅಲ್ಲಿಂದ ಬ್ರೌಸರ್‌ಗೆ 422 (ತುಂಬಿದ ಮಾಹಿತಿ ಸರಿಯಿಲ್ಲ ಅನ್ನುವ ವೆಬ್ ಸಂಕೇತ) ಹೋಗುತ್ತದೆ, ಆಯಾ ಖಾನೆಯ ಕೆಳಗೆ ಕನ್ನಡದಲ್ಲೇ ಮೆಸೇಜ್ ಬರುತ್ತದೆ. ಡೇಟಾಬೇಸ್ ಕೈಕೊಟ್ಟರೆ 500, ಅಂದರೆ ತಪ್ಪು ಸರ್ವರ್ ಕಡೆಯದು. ಮೊದಲು ಎರಡಕ್ಕೂ 500 ಬರುತ್ತಿತ್ತು, ಲಾಗ್ ನೋಡಿದರೆ ಯಾವುದು ಯಾರ ತಪ್ಪು ಅಂತ ಗೊತ್ತಾಗುತ್ತಿರಲಿಲ್ಲ.

ಕನ್ನಡ ಅಂಕಿ ಹಾಕಿ ನೋಡಿ ಅಂತ ಒಬ್ಬರು ಹೇಳಿದ್ದಿರಿ. ಅದು ದೊಡ್ಡ ಉಪಕಾರವಾಯಿತು. ಬರೆದದ್ದು ಅಂಕಿಯೇ ಅಂತ ನೋಡುವ ಪೈಥಾನ್‌ನ ಇಸ್‌ಡಿಜಿಟ್ (isdigit) ಕನ್ನಡ ಅಂಕಿಗೂ ಸರಿ ಅನ್ನುತ್ತದೆ. ಹಾಗಾಗಿ ಕೆಲವು ನಂಬರ್‌ಗಳು ೯, ೮ ಅಂತಲೇ ಡೇಟಾಬೇಸ್‌ನಲ್ಲಿ ಕೂತಿದ್ದವು, 9, 8 ಅಂತ ಹುಡುಕಿದರೆ ಸಿಗುತ್ತಿರಲಿಲ್ಲ. ಆದರೆ ಕನ್ನಡದಲ್ಲಿ ಬರೆದದ್ದನ್ನು ತಪ್ಪು ಅಂತ ತೋರಿಸಲು ನನಗೆ ಮನಸ್ಸು ಬರಲಿಲ್ಲ. ಚೆಕ್ ಮಾಡುವ ಮೊದಲೇ ಅವನ್ನು 0-9ಕ್ಕೆ ಬದಲಿಸುತ್ತೇನೆ.

ನಿನ್ನೆ ಮಾವ ಒಂದು ಫಾರ್ಮಿನಲ್ಲಿದ್ದ ಮೂರು ತಪ್ಪನ್ನೂ ಒಟ್ಟಿಗೆ ನೋಡಿ ತಿದ್ದಿ ಒಂದೇ ಸಲಕ್ಕೆ ಸೇವ್ ಮಾಡಿದರು.